ಎದುರು ಪಾರ್ಟಿ ಯಾರು?

ಎದುರು ಪಾರ್ಟಿ ಯಾರೆಂದು ಮೊದಲು ವಿಚಾರಿಸಬೇಕು, ಕತೆ ಕೇಳುವುದು ಆಮೇಲೆ. ಇದು ವಕೀಲ ಗೌರೀಶಂಕರನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಯಾರಾದರೂ 'ಸಾ, ಒಂದು ವಿಚಾರ' ಅಂದರೆ ಸಾಕು, ಹಾಲು ಕರೆಯುವ ಚೊಂಬಿನ ಸದ್ದು ಕೇಳಿದ ಕರುವಿನಂತೆ ಅವನ ಕಿವಿ ನೆಟ್ಟಗಾಗುತ್ತಿತ್ತು.

ಆವತ್ತು ಬೆಳಿಗ್ಗೆ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದಿನ ಹೋಟೆಲಿನಲ್ಲಿ ಅವನು ಇಡ್ಲಿ ಮುರಿಯುತ್ತಿದ್ದಾಗ ಎದುರಿಗೆ ಬಂದು ಕೂತವಳು ಪುಟ್ಟಲಕ್ಷ್ಮಮ್ಮ. ಶ್ರವಣಬೆಳಗೊಳದ ದಾರಿಯ ಹಳ್ಳಿಯವಳು. ಕಾಲ ಬಳಿ ಗೋಣಿಚೀಲ ಇಳಿಸಿಕೊಂಡು ಅವನ ಕರಿಕೋಟನ್ನೇ ನೋಡಿದಳು.

"ಲಾಯರಲ್ವಾ ಸಾ? ಒಂದು ವಿಚಾರ. ನಮ್ಮ ಇತ್ಲಲ್ಲಿ ಒಂದು ತೆಂಗಿನಮರ ಅದೆ. ತಲೆ ಪಕ್ಕದ ಮನೆ ಶೀಟಿನ ಮ್ಯಾಕೆ ಬಗ್ಗಿಕಂಡದೆ. ಕಾಯಿ ಬಿದ್ದು ಶೀಟು ತೂತಾಯ್ತದೆ, ಮರ ಕಡೀರಿ ಅಂತ ಆವಯ್ಯ ಕುಣೀತಾವ್ನೆ."

"ಬುಡ ಯಾರ ಜಾಗದಲ್ಲಿದೆ?"

ಪುಟ್ಟಲಕ್ಷ್ಮಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಯಾರ್ಗೂ ಯೋಳ್ಬ್ಯಾಡಿ ಸಾ. ನಮ್ಮ ಯಜಮಾನ್ರು ಇದ್ದಾಗ ಗಡಿಕಲ್ಲ ಕಿತ್ತು ಎರಡು ಮೊಳ ಆ ಕಡೀಕೆ ನೆಟ್ಬುಟ್ರು. ಸಸಿ ಇಟ್ಟಿದ್ದು ಅಲ್ಲೇ."

ಗೌರೀಶಂಕರ ಇಡ್ಲಿಯನ್ನೇ ಮರೆತ. "ಈ ಮಾತು ಇಲ್ಲಿಗೇ ಇರಲಿ. ಮರ ಕಡಿಯೋಕೆ ಮಾತ್ರ ಒಪ್ಪಬೇಡಿ" ಎಂದು ಸಲಹೆ ಕೊಟ್ಟು ಕೈ ತೊಳೆದ. ಆ ಪಕ್ಕದ ಮನೆಯವನು ಯಾರೆಂದು ಕೇಳಲಿಲ್ಲ.

ಅವನ ಆಫೀಸು ಇದ್ದದ್ದು ಚನ್ನಬಸವಯ್ಯನ ತೆಂಗಿನಕಾಯಿ ಮಂಡಿಯ ಮಹಡಿಯ ಮೇಲೆ, ಒಂದೇ ಕೋಣೆ. ಗುಮಾಸ್ತನಿಲ್ಲ, ಜೂನಿಯರ್ ಇಲ್ಲ, ಕೊಬ್ಬರಿಯ ವಾಸನೆ ಮಾತ್ರ ಸದಾ ಇತ್ತು. ಮಂಡಿಗೆ ಬಂದ ರೈತರು ಕೆಳಗೆ ಕಾಯಿ ಇಳಿಸಿ, ಹಾಗೆಯೇ ಮೆಟ್ಟಿಲು ಹತ್ತಿ ತಮ್ಮ ಜಗಳಗಳನ್ನೂ ಇಳಿಸಿ ಹೋಗುತ್ತಿದ್ದರು. ಆ ಕೋಣೆ ಕೈಬಿಟ್ಟರೆ ಅವನ ವಕೀಲಿಯೂ ಕೈಬಿಟ್ಟ ಹಾಗೆಯೇ.

ಅವನು ಫ್ಯಾನು ಹಾಕುವಷ್ಟರಲ್ಲಿ ಚನ್ನಬಸವಯ್ಯನೇ ಮೇಲೆ ಬಂದ.

"ಲಾಯರೇ, ಒಂದು ಕೇಸ್ ಹಾಕ್ಬೇಕು. ಊರ ಮನೆ ಪಕ್ಕದಲ್ಲಿ ಪುಟ್ಟಲಕ್ಷ್ಮಮ್ಮ ಅಂತ ಅವ್ಳೆ. ಅವಳ ತೆಂಗಿನಮರ..."

ಗೌರೀಶಂಕರ ಎರಡೂ ಕೈ ಅಡ್ಡ ಹಿಡಿದು ಮಾತು ತಡೆದ.

"ಯಜಮಾನ್ರೇ, ಇದೊಂದು ನನ್ನ ಕೈಲಾಗಲ್ಲ."

"ಯಾಕೆ?"

"ಯಾಕೆ ಅಂತ ಹೇಳೋಕೂ ಆಗಲ್ಲ."

"ಇದೊಳ್ಳೆ ಚೆಂದ! ನಮ್ಮಪ್ಪನ ಕಾಲದಿಂದ ನಮ್ಮನೆ ಕೇಸೆಲ್ಲ ನೀವೇ ನಡೆಸಿದ್ದು. ಒಂದು ಮರಕ್ಕೆ ಎದ್ರುಕೊಂಡ್ರಾ?" ಚನ್ನಬಸವಯ್ಯ ದಡದಡ ಇಳಿದುಹೋದ.

ಮೆಟ್ಟಿಲ ಕೆಳಗೆ ಕಂಪ್ಯೂಟರ್ ಇಟ್ಟುಕೊಂಡು ಅರ್ಜಿ ಟೈಪ್ ಮಾಡುವ ಶಾಂತರಾಜು ಮೇಲಕ್ಕೆ ಇಣುಕಿದ. "ಸಾ, ಬೆಳಿಗ್ಗೆ ಆಯಮ್ಮನ ಜೊತೆ ಕೂತಿದ್ರಲ್ಲ, ನಾನೇ ನೋಡ್ದೆ. ಓಟ್ಲಲ್ಲಿ ಕೇಳಿದ್ದೆಲ್ಲ ಎದೇಲಿ ಇಟ್ಕಂಡ್ರೆ ಬದುಕೋಕಾಯ್ತದಾ? ಆಯಮ್ಮನ್ನೇ ಒಂದು ಮಾತು ಕೇಳಿ. ಊಂ ಅಂದ್ರೆ ಮುಗೀತಲ್ಲ."

ಅದೂ ಸರಿಯೆನಿಸಿತು. ಗೌರೀಶಂಕರ ಬಸ್‌ಸ್ಟ್ಯಾಂಡಿಗೆ ಓಡಿದ. ಪುಟ್ಟಲಕ್ಷ್ಮಮ್ಮ ಆಗಲೇ ಬಸ್ಸಿನ ಕಿಟಕಿ ಪಕ್ಕ ಕೂತಿದ್ದಳು.

"ಅಮ್ಮಾ, ನಿಮ್ಮ ಪಕ್ಕದ ಮನೆಯವರ ಕಡೆಯಿಂದ ನಾನು ನಿಂತರೆ ನಿಮ್ಮದೇನೂ ಅಭ್ಯಂತರ ಇಲ್ವಾ?"

"ಗುಟ್ಟು ನನ್ನತ್ರ ತಕ್ಕಂಡು ಆವಯ್ಯನ ಕಡೀಕೆ ಓಯ್ತೀಯಾ? ಬಲೇ ಆಸಾಮಿ ಕಣಪ್ಪ ನೀನು!" ಎಂದವಳು, ಅವನ ಬಾಡಿದ ಮುಖ ನೋಡಿ ಕರಗಿ, ಚೀಲದಿಂದ ಎರಡು ತೆಂಗಿನಕಾಯಿ ತೆಗೆದು ಕಿಟಕಿಯಿಂದಲೇ ಅವನ ಕೈಗೆ ತುರುಕಿದಳು. "ತಗಾ, ಮನೇಲಿ ಚಟ್ನಿ ಅರೀಲಿ. ನಮ್ಮ ಕಡೀಕೇ ಇರು."

ವಾಪಸು ಕೊಡುವಷ್ಟರಲ್ಲಿ ಬಸ್ಸು ಹೊರಟಿತು.

ಕಂಕುಳಿಗೊಂದು ಕಾಯಿಯಂತೆ ಹಿಡಿದು ಬಂದ ವಕೀಲನನ್ನು ಮಂಡಿಯ ಬಾಗಿಲಲ್ಲೇ ಚನ್ನಬಸವಯ್ಯ ತಡೆದ. ಕಾಯಿ ಬಡಿದು ಸದ್ದು ಕೇಳಿಯೇ ಅದು ಯಾವ ತೋಟದ್ದೆಂದು ಹೇಳುವ ಮನುಷ್ಯ ಅವನು. ಒಂದನ್ನು ಕೈಗೆ ತೆಗೆದುಕೊಂಡ. ತಿರುಗಿಸಿದ. ಕಿವಿಯ ಹತ್ತಿರ ಅಲ್ಲಾಡಿಸಿದ.

"ಉದ್ದ ಮೂತಿ, ಸಣ್ಣ ಗಾತ್ರ. ದಿನಾ ನನ್ನ ಶೀಟಿನ ಮೇಲೆ ಬೀಳೋ ಕಾಯಿ ಸ್ವಾಮಿ ಇದು. ನಂಗೆ ಗುರ್ತು ಸಿಗಲ್ವಾ?"

"ಅದು... ಅವರೇ ಕೊಟ್ಟರು."

"ಕೊಡ್ದೇ ಏನು! ಅವ್ಳ ಲಾಯರಿಗೆ ಅವ್ಳು ಕೊಡ್ತಾಳೆ."

ಶಾಂತರಾಜುವಿಗೆ ಸುಮ್ಮನಿರಲಾಗಲಿಲ್ಲ. "ಅಂಗೆಲ್ಲ ಅನ್ಬ್ಯಾಡಿ ಯಜಮಾನ್ರೇ, ನಮ್ಮ ಸಾ ಅಂಥೋರಲ್ಲ. ಓಟ್ಲಲ್ಲಿ ಆಯಮ್ಮನ ಜೊತೆ ಬರೀ ಗುಸುಗುಸು ಮಾತಾಡಿದ್ರು, ಅಷ್ಟೇಯ."

ಚನ್ನಬಸವಯ್ಯ ಕಾಯಿಯನ್ನು ವಕೀಲನ ಕಂಕುಳಿಗೇ ಸಿಕ್ಕಿಸಿ ಒಳಗೆ ಹೋದ. ವಕೀಲ ಗಡಿಕಲ್ಲಿನ ಗುಟ್ಟು ಬಾಯಿ ಬಿಟ್ಟಿದ್ದರೆ ಅವನು ಅಲ್ಲೇ ತಬ್ಬಿಕೊಳ್ಳುತ್ತಿದ್ದ. ಗೌರೀಶಂಕರ ಬಿಸಿ ಅನ್ನದ ತುತ್ತು ಬಾಯಲ್ಲಿಟ್ಟುಕೊಂಡವನ ಹಾಗೆ ಸಂಜೆಯವರೆಗೂ ತುಟಿ ಬಿಗಿದು ಕೂತಿದ್ದ.

ಸಂಜೆ ಮೆಟ್ಟಿಲ ಮೇಲೆ ಮತ್ತೆ ಅದೇ ಹೆಜ್ಜೆ ಸದ್ದು. ಚನ್ನಬಸವಯ್ಯನ ಮುಖ ತಣ್ಣಗಿತ್ತು.

"ಮರದ ಮಾತು ಬುಡಿ ಲಾಯರೇ. ಬೇರೆ ವಿಚಾರ. ಒಬ್ಬ ಬಾಡಿಗೆದಾರನ್ನ ಎಬ್ಬಿಸ್ಬೇಕು. ಇದಾದ್ರೂ ಆಗ್ತದಾ?"

ಹೋದ ಜೀವ ಬಂದಂತಾಯಿತು. ಆದರೆ ಈ ಸಲ ಗೌರೀಶಂಕರ ಎಡವುವವನಲ್ಲ. "ಮೊದಲು ಇದನ್ನ ಹೇಳಿ. ಆತ ಯಾವತ್ತಾದರೂ ನನ್ನ ಹತ್ರ ಸಲಹೆ ಕೇಳೋಕೆ ಬಂದಿದ್ದಾನಾ?"

"ಇಲ್ಲ."

"ನನಗೆ ನೆಂಟನಾ?"

"ನೆಂಟ ಅಲ್ಲ."

"ಆತನ ಕೇಸು ನಾನು ನಡೆಸಿದ್ದೀನಾ?"

ಚನ್ನಬಸವಯ್ಯ ಪ್ರಾಮಾಣಿಕವಾಗಿ ಯೋಚಿಸಿದ. "ನಂಗೆ ತಿಳಿದಂಗೆ ಇಲ್ಲ."

ಇನ್ನೇನು ಬೇಕು! ಗೌರೀಶಂಕರ ಹಾಳೆ ಎಳೆದುಕೊಂಡ. ಕಿವಿ ಆಗಲೇ ನೆಟ್ಟಗಾಗಿತ್ತು. "ಜಾಗ ನಿಮ್ಮ ಸ್ವಂತಕ್ಕೇ ಬೇಕು, ಕೊಬ್ಬರಿ ಹರಡೋಕೆ, ಅಂತ ನೋಟೀಸಿನಲ್ಲಿ ಹಾಕೋಣ."

"ನೋಟೀಸ್ ಬ್ಯಾಡ ಅಂತ ವಾಪಸ್ ಕಳಿಸಿದ್ರೆ?"

"ಕಳಿಸಲಿ. ತಲುಪಿದ ಹಾಗೇ ಲೆಕ್ಕ."

"ಆಸಾಮಿ ಸ್ವಲ್ಪ ಕಾನೂನು ತಿಳಿದೋನು."

"ಇನ್ನೂ ಒಳ್ಳೇದಾಯ್ತು. ಅಂಥವನು ಕೋರ್ಟಿನಲ್ಲಿ ಮಾನ ಕಳ್ಕೊಳ್ಳೋಕೆ ಹೆದರಿ ತಾನೇ ಖಾಲಿ ಮಾಡ್ತಾನೆ. ನೋಡ್ತಾ ಇರಿ, ಒಂದು ಕಿಂಡೀನೂ ಬಿಡಲ್ಲ."

ಹಾಳೆ ತುಂಬಿತು. ಗೌರೀಶಂಕರ ಮತ್ತೊಮ್ಮೆ ಓದಿ, ತನ್ನ ಬರಹಕ್ಕೆ ತಾನೇ ತಲೆದೂಗಿ, ಮೇಲ್ಗಡೆ ಬಿಟ್ಟಿದ್ದ ಜಾಗಕ್ಕೆ ಪೆನ್ನು ತಂದ. "ಈಗ ಹೆಸರು, ವಿಳಾಸ ಹೇಳಿ."

ಚನ್ನಬಸವಯ್ಯ ಪುಸ್ತಕದ ಬೀರು ನೋಡಿದ, ಮೊಳೆಗೆ ನೇತುಹಾಕಿದ ಕರಿಕೋಟು ನೋಡಿದ.

"ಬರ್ಕಳಿ. ಗೌರೀಶಂಕರ, ವಕೀಲರು, ಮಂಡಿ ಮಹಡಿ."

ಪೆನ್ನು ಹಾಳೆಯ ಮೇಲೆ ನಿಂತಲ್ಲೇ ನಿಂತಿತು.

"ಬೇರೆ ಲಾಯರ ತಾವ ಹೋಗಿದ್ರೆ ನೀವು ನೊಂದ್ಕತಿದ್ರಿ, ಅದ್ಕೇ ನಿಮ್ಮ ತಾವ್ಲೇ ಬಂದೆ," ಎಂದ ಚನ್ನಬಸವಯ್ಯ, ಏಳುತ್ತಾ. "ಸೈನ್ ಹಾಕಿ ಇಟ್ಕಳಿ ಸ್ವಾಮಿ. ಅಂಚೆಗೆ ಹಾಕೋ ತಾಪತ್ರಯ ಯಾಕೆ, ಎದುರು ಪಾರ್ಟಿ ಇಲ್ಲೇ ಅವ್ರಲ್ಲ."