ಅಭಯಾರಣ್ಯವಾದ ಹದಿನಾಲ್ಕನೇ ಕೋಣೆ

ಪ್ರಾಣಿಶಾಸ್ತ್ರ ಸಂಗ್ರಹಾಲಯದ ಹನ್ನೊಂದನೇ ನಿಯಮದ ಪ್ರಕಾರ, ಹತ್ತು ವರ್ಷ ಹೊರಗಿನವರು ಯಾರೂ ಬಿಚ್ಚದ ಪುಸ್ತಕವು ಪುಸ್ತಕವಲ್ಲ, ರದ್ದಿ. ಆದ್ದರಿಂದ ಹದಿನಾಲ್ಕನೇ ಕೋಣೆಯಲ್ಲಿದ್ದ ಹಳೆಯ ಪ್ರಾಣಿಶಾಸ್ತ್ರ ಪತ್ರಿಕೆಯ ನೂರ ಹನ್ನೆರಡು ಸಂಪುಟಗಳನ್ನು ಸೋಮವಾರ ರದ್ದಿಯವನಿಗೆ ಕೊಟ್ಟು, ಅಲ್ಲಿ ನಿರ್ದೇಶಕರ ಸೋಫಾ ಇಡುವುದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಸಭೆಯಲ್ಲಿ ನಿರ್ದೇಶಕರೊಬ್ಬರೇ ಇದ್ದುದರಿಂದ ಸರ್ವಾನುಮತಕ್ಕೆ ತೊಂದರೆಯಾಗಲಿಲ್ಲ.

ಇಪ್ಪತ್ತಾರು ವರ್ಷ ಆ ಸಂಪುಟಗಳ ಧೂಳು ಒರೆಸಿದ್ದ ಗ್ರಂಥಪಾಲಕಿ ನೇರವಾಗಿ ನಿರ್ದೇಶಕರ ಬಳಿ ಹೋದರು.

“ಸರ್, ಎಷ್ಟೋ ಪ್ರಾಣಿಗಳಿಗೆ ಮೊದಲು ಹೆಸರಿಟ್ಟ ಪುಟ ಇರೋದು ಇದರಲ್ಲೇ. ಯಾವುದು ಯಾವ ಗುಂಪಿಗೆ ಸೇರುತ್ತೆ ಅಂತ ಜಗಳ ಬಂದ್ರೆ ಇದನ್ನೇ ತೆಗೆದು ನೋಡ್ಬೇಕು.”

“ಯಾವ ಪ್ರಾಣಿಯಾದ್ರೂ ಜಗಳ ತಗೊಂಡು ಇಲ್ಲಿಗೆ ಬಂದಿದೆಯೇನಮ್ಮಾ?”

ಬಂದಿರಲಿಲ್ಲ. ಸಂದರ್ಶಕರ ಪುಸ್ತಕವೂ ಹಾಗೇ ಹೇಳುತ್ತಿತ್ತು.

ಭಾನುವಾರ ಆಕೆ ಕೊನೆಯ ಸಲವೆಂದು ಮೂವತ್ತೇಳನೇ ಸಂಪುಟ ಬಿಚ್ಚಿದಾಗ, ಒಳಗೊಂದು ಬೂದು ಹುಳು ಆರಾಮವಾಗಿ ಊಟ ಮಾಡುತ್ತಿತ್ತು. ಕೂಡಲೇ ಕೀಟತಜ್ಞರಾದ ತಮ್ಮ ಭಾವನನ್ನು ಕರೆತಂದರು. ಭಾವ ಮಸೂರ ಹಿಡಿದು, ಅದೇ ಪುಟದಲ್ಲಿದ್ದ ಪುಸ್ತಕದ ಹುಳುವಿನ ಮೂಲ ವಿವರಣೆಗೆ ಅದನ್ನು ಹೋಲಿಸಿದರು. ವಿವರಣೆಯ ಅರ್ಧವನ್ನು ಹುಳು ತಿಂದು ಮುಗಿಸಿತ್ತು. ಉಳಿದರ್ಧದಲ್ಲಿ ಮೂರು ಕಾಲುಗಳ ಮಾತಷ್ಟೇ ಇತ್ತು. ಈ ಹುಳಕ್ಕೆ ಆರು.

“ಹೊಸ ಪ್ರಭೇದ ಕಣಮ್ಮಾ!” ಭಾವ ಕುಣಿದಾಡಿದರು. “ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ನಿನ್ನ ಕೋಣೇಲಿ ಮಾತ್ರ!”

ರದ್ದಿಯವನ ಗಾಡಿ ಬರುವಷ್ಟರಲ್ಲಿ ಕೋಣೆಯು ಅಭಯಾರಣ್ಯವೆಂದು ಘೋಷಣೆಯಾಗಿತ್ತು. ನಿರ್ದೇಶಕರೇ ರಿಬ್ಬನ್ ಕತ್ತರಿಸಿ, ಹಳೆಯ ಪತ್ರಿಕೆಗಳ ಶಾಶ್ವತ ಮೌಲ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡಿದರು. ರದ್ದಿಯವನೂ ಚಪ್ಪಾಳೆ ತಟ್ಟಿದ.

ಆದರೆ ಹುಳುಗಳು ಅಭಯಾರಣ್ಯವನ್ನೇ ತಿನ್ನುತ್ತಿದ್ದವು. ಕಪಾಟಿಗೆ ಪ್ರಕಟಣೆ ಅಂಟಿಸಲಾಯಿತು: “ಹುಳುಗಳ ಗಮನಕ್ಕೆ. ಇನ್ನು ಮುಂದೆ ಜಾಹೀರಾತಿನ ಪುಟಗಳನ್ನು ಮಾತ್ರ ತಿನ್ನತಕ್ಕದ್ದು. ಆಕ್ಷೇಪಣೆಗಳಿದ್ದಲ್ಲಿ ಹದಿನೈದು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು.” ಒಂದೂ ಆಕ್ಷೇಪಣೆ ಬರಲಿಲ್ಲವಾದ್ದರಿಂದ, ಹುಳುಗಳು ಒಪ್ಪಿವೆಯೆಂದು ಬರೆದು ಕಡತ ಮುಚ್ಚಲಾಯಿತು.

ಮರುದಿನ ಗ್ರಂಥಪಾಲಕಿ ಒಳಗೆ ಹೋಗಲು ಬಂದರೆ ಕಾವಲುಗಾರ ಅಡ್ಡ ನಿಂತ.

“ವನ್ಯಜೀವಿಗಳಿಗೆ ಮಾತ್ರ ಪ್ರವೇಶ, ಅಕ್ಕಾ.”

“ಅದು ನನ್ನ ಕೋಣೆ ಕಣೋ!” ಇಷ್ಟು ಒದ್ದಾಡಿ ಉಳಿಸಿಕೊಂಡ ಪುಸ್ತಕವನ್ನು ಮುಟ್ಟುವಂತಿಲ್ಲವೆಂದರೆ ಯಾರಿಗೆ ತಾನೇ ಸಂಕಟವಾಗದು.

“ಹಾಗಾದ್ರೆ ನೀವೂ ಪಟ್ಟಿಗೆ ಸೇರ್ಕೊಂಡ್ಬಿಡಿ.”

ಆಕೆ ಮೂರು ಪ್ರತಿಗಳಲ್ಲಿ ಅರ್ಜಿ ಹಾಕಿದರು. ಭಾವ ಅಳೆದು ತೂಗಿ ವರ್ಗೀಕರಣ ಪತ್ರ ಬರೆದುಕೊಟ್ಟರು. ಆವಾಸ: ಹದಿನಾಲ್ಕನೇ ಕೋಣೆ. ಆಹಾರ: ಬಿಸ್ಕತ್ತು. ಬೆನ್ನುಮೂಳೆ: ಇದೆ, ಈ ಕಚೇರಿಯಲ್ಲಿ ಅಪರೂಪ. ಸ್ವಭಾವ: ಕನ್ನಡಕ ಕಳೆಯದಿದ್ದರೆ ನಿರುಪದ್ರವಿ.

ಈಗ ಆಕೆ ದಿನವಿಡೀ ಒಳಗೆ ಕೂತು ಓದುತ್ತಾರೆ. ಜೂನ್ ತಿಂಗಳಲ್ಲಿ ಆಗಬೇಕಿದ್ದ ನಿವೃತ್ತಿ ರದ್ದಾಗಿದೆ. ಸಂರಕ್ಷಿತ ಜೀವಿಗಳಿಗೆ ನಿವೃತ್ತಿಯಿಲ್ಲ. ಸಂಬಳವೂ ನಿಂತಿದೆ, ಬಿಸ್ಕತ್ತು ಮಾತ್ರ ತಪ್ಪದೆ ಬರುತ್ತದೆ. ಇಷ್ಟು ಖುಷಿಯಾಗಿ ತಾವೆಂದೂ ಇರಲಿಲ್ಲವೆಂದು ಆಕೆ ಭಾವನಿಗೆ ಹೇಳಿದ್ದಾರೆ.

ಪ್ರತಿ ಗುರುವಾರ ನಿರ್ದೇಶಕರು ಅತಿಥಿಗಳನ್ನು ಗಾಜಿನ ಕಿಂಡಿಯ ಹತ್ತಿರ ನಿಲ್ಲಿಸುತ್ತಾರೆ.

“ಮಾತಾಡಿಸಬಹುದಾ?” ಎಂದು ಯಾರಾದರೂ ಕೇಳಿದರೆ, ತುಟಿಯ ಮೇಲೆ ಬೆರಳಿಡುತ್ತಾರೆ.

“ಶ್! ಓದ್ತಾ ಇದೆ.”