ಸಂಡಿಗೆಗೆ ಬಿದ್ದ ಚೆಂಡು ಯಾರದು?

ನಮ್ಮ ದೊಡ್ಡಪ್ಪನಿಗೆ ತಲೆ ಕೆಟ್ಟಿದೆ ಎಂದು ಹೊರಗಿನವರು ಯಾರಾದರೂ ಹೇಳಿದರೆ ನನಗೆ ಕೆಟ್ಟ ಕೋಪ ಬರುತ್ತದೆ. ಹಾಗೆನ್ನಲು ಮನೆಯವರು ನಾವಿದ್ದೇವಲ್ಲ!

ಯುಗಾದಿಗೆ ಎಲ್ಲರೂ ಬೇವು-ಬೆಲ್ಲ ಒಟ್ಟಿಗೆ ಕೊಡುತ್ತಾರೆ. ದೊಡ್ಡಪ್ಪನ ಶಂಕರಪುರಂ ಮನೆಯಲ್ಲಿ ಮಾತ್ರ ಬೇರೆ ಬೇರೆ. ಎಣ್ಣೆಸ್ನಾನ ಮುಗಿಸಿ ಬಂದ ನಮ್ಮನ್ನೆಲ್ಲ ಸೇರಿಸಿ ನಿಧಿ ಹುಡುಕುವ ಆಟ ಆಡಿಸುತ್ತಾರೆ. ಪ್ರಶ್ನೆಗಳೆಲ್ಲ ಒಂದು ಕಾಲಕ್ಕೆ ನಮ್ಮ ಬಡಾವಣೆಗೇ ಹುಚ್ಚು ಹಿಡಿಸಿದ್ದ ಬಾಲ್ ಬ್ಯಾಡ್ಮಿಂಟನ್ ಬಗ್ಗೆ. ಸರಿಯುತ್ತರಕ್ಕೆ ಬೆಲ್ಲ, ತಪ್ಪಿದರೆ ಬರೀ ಬೇವು! ನಮ್ಮ ವಂಶದಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲದಿರುವುದಕ್ಕೆ ಬೇರೆ ಕಾರಣ ಬೇಕೆ?

ಒಮ್ಮೆ 'ಅಂಪೈರು ಹಿಂದೆ ಹಿಂದೆ ನಡೆದು ಮೋರಿಗೆ ಬಿದ್ದ ಜಾಗ ಯಾವುದು?' ಎಂದು ಕೇಳಿದರು. ಹುಡುಕಿಕೊಂಡು ಹೋದರೆ ಅಲ್ಲೀಗ ಎಟಿಎಂ! ರೇಷ್ಮೆ ಪಂಚೆ ಎತ್ತಿ ಕಟ್ಟಿ ಮೆಟ್ಟಿಲ ಕೆಳಗೆ ಬಗ್ಗಿದ್ದೆ, ಕಾವಲುಗಾರ ಬಂದ.

"ಏನ್ ಸಾರ್ ಹುಡುಕ್ತಿದೀರಾ?"

"ಮೋರಿ."

"ಹಬ್ಬದ್ ದಿನಾನಾ ಸಾರ್?" ಎಂದವನು, ಪಾಪ, ಕುರ್ಚಿ ಹಾಕಿ ಕುಡಿಯಲು ನೀರು ಕೊಟ್ಟ.

ನಿಧಿ ಏನೆಂದು ಮಾತ್ರ ಯಾರೂ ಕಂಡಿರಲಿಲ್ಲ. ಪ್ರತಿವರ್ಷವೂ ಕೊನೆಯ ಪ್ರಶ್ನೆ ಒಂದೇ: 'ಫೈನಲ್ ಪಂದ್ಯದಲ್ಲಿ ಚೆಂಡನ್ನು ಆಚೆ ಮನೆಯ ಮಹಡಿಯ ಮೇಲಿದ್ದ ಸಂಡಿಗೆಗೆ ಬೀಳಿಸಿದ್ದು ಯಾರು?' ನಾವು "ನೀವೇ!" ಎನ್ನುವುದು, ಅವರು ನಮ್ಮ ಬಾಯಿಗೆ ಬೇವು ತುರುಕುವುದು. ಆಮೇಲೆ ಅವರ ಮುಖ ಎಷ್ಟು ಸಪ್ಪಗಾಗುತ್ತಿತ್ತೆಂದರೆ, ಒಬ್ಬಟ್ಟನ್ನೂ ಮುಟ್ಟುತ್ತಿರಲಿಲ್ಲ. "ನಾನ್ ಹೇಳಿದ್ರೆ ಪ್ರಯೋಜನ ಇಲ್ಲ ಕಣೋ, ನೀವೇ ಕಂಡುಹಿಡೀಬೇಕು" ಎಂಬ ಹಟ ಬೇರೆ. ನಮ್ಮ ಕರ್ಮ!

ಈ ಯುಗಾದಿಗೆ ನಾನು ನೇರವಾಗಿ ಆಚೆ ಮನೆಯ ಅಜ್ಜಿಯನ್ನೇ ಕೇಳಿದೆ. ಹಾಳಾದ ಸಂಡಿಗೆ ಅವರದೇ ತಾನೆ? ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ ಎನ್ನಬೇಡಿ, ನಮ್ಮದು ಬುದ್ಧಿವಂತರ ವಂಶ.

"ನಿಮ್ ದೊಡ್ಡಪ್ಪನಾ? ಅವ್ನಿಗೆಲ್ಲಿ ಬ್ಯಾಟ್ ಹಿಡಿಯಕ್ ಬರ್ತಿತ್ತು! ಗೆರೆಗೆ ಸುಣ್ಣ ಹಾಕ್ತಿದ್ದ ಅಷ್ಟೆ" ಎಂದು ಅಜ್ಜಿ ನಕ್ಕರು. "ಹೊಡೆದೋಳು ನಿಮ್ ದೊಡ್ಡಮ್ಮ ಕಣಪ್ಪಾ! ಅವಳ ಆಟ ನೋಡಕ್ಕೆ ಇಡೀ ಬೀದಿ ಸೇರ್ತಿತ್ತು. ಮದುವೆ ಆಯ್ತು, ಆಟ ನಿಂತೋಯ್ತು."

ಯಾವಾಗಲೂ ಅಡುಗೆಮನೆಯಿಂದ "ನಿಮ್ ಗಲಾಟೆ ಮುಗೀತಾ? ಎಲೆ ಹಾಕ್ಲಾ?" ಎನ್ನುವ ನಮ್ಮ ದೊಡ್ಡಮ್ಮನೇ? ಓಡಿಬಂದು, ಅಜ್ಜಿ ಹೇಳಿದರೆಂದು ಎಲ್ಲರ ಮುಂದೆ ದೊಡ್ಡಮ್ಮನ ಹೆಸರು ಕೂಗಿದೆ.

ದೊಡ್ಡಪ್ಪ ಒಳಗೆ ಹೋಗಿ ನಿಧಿ ತಂದರು. ಹಳೆಯ ಬ್ಯಾಟು, ಅದಕ್ಕೆ ಹೊಸದಾಗಿ ಬಿಗಿಸಿದ ಗಟ್ಟಿನ ದಾರ.

"ಪ್ರತಿ ಯುಗಾದಿಗೂ ಸರಿಮಾಡಿಸಿ ಇಡ್ತಿದ್ದೆ" ಎಂದರು, ಕಣ್ಣು ತುಂಬಿತ್ತು. "ಮದುವೆ ಆದಾಗ ನಾನು ಆಟ ಬಿಡು ಅನ್ಲಿಲ್ಲ ಕಣೋ. ಆಡು ಅಂತಾನೂ ಅನ್ಲಿಲ್ಲ. ಮನೇಲಿ ಒಬ್ರಾದ್ರೂ ಅವಳ ಹೆಸರು ಹೇಳ್ಲಿ ಅಂತ ಕಾಯ್ತಿದ್ದೆ."

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಬ್ಯಾಟು ತೆಗೆದುಕೊಂಡರು. ಒಮ್ಮೆ ಬೀಸಿ ನೋಡಿದರು.

"ಸಂಡಿಗೆ ಹಾಳಾಗಿದ್ದೊಂದೇ ಹೇಳಿದ್ರಾ ಆ ಅಜ್ಜಿ?" ಎಂದರು. "ಆ ಮ್ಯಾಚು ಗೆದ್ದಿದ್ದು ನಾವೇ ಕಣ್ರೋ."