ಜೋಗುಳಕ್ಕೆ ಕೊನೆಯ ಮೆರುಗು

ಮದುವೆ ವಿಡಿಯೊಗಳಿಗೆ ಹಾಡು ಜೋಡಿಸುವ ಅಂಗಡಿ ನನ್ನದು. ಧ್ವನಿಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಬಸವಕಲ್ಯಾಣದಲ್ಲಿ ಇನ್ನೂ ಹುಟ್ಟಿಲ್ಲವೆಂದೇ ನಂಬಿದ್ದೆ. ಹುಟ್ಟಿದ್ದಳು! ನಮ್ಮ ಮನೆಯಲ್ಲೇ, ತೊಟ್ಟಿಲಲ್ಲಿ ಮಲಗಿದ್ದಳು.

ನನ್ನ ಮಗಳು ಚಿನ್ನು ಅಜ್ಜಿಯ ಜೋಗುಳಕ್ಕೆ ಮಾತ್ರ ನಿದ್ದೆ ಹೋಗುತ್ತಿದ್ದಳು. ಬಾಣಂತನ ಮುಗಿಸಿ, ತವರಿನ ತೊಟ್ಟಿಲ ಸಮೇತ ತಾಯಿ-ಮಗುವನ್ನು ಬಿಡಲು ಬಂದಿದ್ದ ನಮ್ಮತ್ತೆ ಈಗ ಹುಮನಾಬಾದಿಗೆ ಮರಳಬೇಕಿತ್ತು. ಅವರು ಹೋದರೆ ಮಗುವಿಗೂ ನಿದ್ದೆಯಿಲ್ಲ, ನನ್ನ ಹೆಂಡತಿ ಶಾಂತಾಳಿಗೂ ಇಲ್ಲ.

"ಅವ್ವನ ಹಾಡ ಮೊಬೈಲ್‌ನಾಗ ಹಿಡ್ಕೋರಿ, ಸಾಕು," ಎಂದಳು ಶಾಂತಾ.

"ಮೊಬೈಲಾ? ನಿನ್ನ ಗಂಡ ಯಾರಂತ ಮರತಿ ಏನ?"

ಅತ್ತೆ ತೊಟ್ಟಿಲು ತೂಗುತ್ತ ಹಾಡಿದರು. ನಾನು ದೊಡ್ಡ ಮೈಕು ಹಿಡಿದು ರೆಕಾರ್ಡ್ ಮಾಡಿಕೊಂಡೆ. ಇನ್ನು ಉಳಿದದ್ದು ಮಾಸ್ಟರಿಂಗ್, ಅಂದರೆ ಹಾಡಿಗೆ ಕೊನೆಯ ಮೆರುಗು ಕೊಡುವ ಘನಗಂಭೀರ ಕಾರ್ಯ.

ಅತ್ತೆಯನ್ನು ಬಸ್ ಹತ್ತಿಸಿ ಬಂದು ಮನೆಯ ಕಂಪ್ಯೂಟರಿನಲ್ಲಿ ಕೇಳಿದೆ. ಹಾಡಿನ ಉದ್ದಕ್ಕೂ ತೊಟ್ಟಿಲ ಕೊಂಡಿಯ ಸದ್ದು, ಕಿರ್ರ್... ಕಿರ್ರ್... ಎಂಥ ಅಪಚಾರ! ಅದನ್ನು ಬೇರುಸಮೇತ ಕಿತ್ತು ಹಾಕಿದೆ. ಹಾಡು ಕೇಳುವಾಗಲೂ ಅಡ್ಡಿಯಾಗಬಾರದೆಂದು ತೊಟ್ಟಿಲ ಕೊಂಡಿಗೆ ಎಣ್ಣೆಯನ್ನೂ ಬಿಟ್ಟೆ. ಮುಂದಾಲೋಚನೆ ಎಂದರೆ ಇದು!

ಕಂಪ್ಯೂಟರಿನ ಹಾಡು ಸ್ವಚ್ಛವಾಯಿತು, ಆದರೆ ತಣ್ಣಗೆನಿಸಿತು. ಹಳೆಯ ಟೇಪಿನಲ್ಲಿ ಒಮ್ಮೆ ಹಾಯಿಸಿದರೆ ಧ್ವನಿ ಬೆಚ್ಚಗಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಅಟ್ಟದಿಂದ ಅಪ್ಪನ ಕಾಲದ ಟೇಪ್ ರೆಕಾರ್ಡರ್ ಇಳಿಸಿದೆ. ಕಂಪ್ಯೂಟರಿನಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಮತ್ತೆ ಕಂಪ್ಯೂಟರಿಗೆ.

"ಬೆಚ್ಚಗ ಮಾಡಾಕ ಅದೇನ್ ಹಾಲೇನ್ರಿ?" ಎಂದಳು ಶಾಂತಾ. ಕಲೆ ತಿಳಿಯದವರ ಮಾತು ಎಂದುಕೊಂಡು ಟೇಪಿನ ಗುಂಡಿ ಒತ್ತಿದೆ.

ಟೇಪನ್ನು ತಿರುಗಿಸುವ ರಬ್ಬರ್ ಬೆಲ್ಟ್ ಸಡಿಲವಾಗಿತ್ತು. ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಜಾರಿ ಹಾಡು ನಿಧಾನವಾಗುತ್ತಿತ್ತು. ಮೊದಲ ಸಾಲನ್ನು ಅತ್ತೆ ಹಾಡಿದರು. ಎರಡನೆಯದನ್ನು ಮಾವ ಹಾಡಿದಂತೆ ಕೇಳಿಸಿತು! ಚಿನ್ನು ಕಿಟಾರನೆ ಕಿರುಚಿದಳು. ಕಂಪ್ಯೂಟರಿನಲ್ಲಿ ವೇಗ ಹೆಚ್ಚಿಸಿದೆ. ಮಾವ ಹೋಗಿ ಇಲಿ ಬಂತು. ಚಿನ್ನು ಇನ್ನೂ ಜೋರಾಗಿ ಅತ್ತಳು.

ಗೋಡೆಯಾಚೆಯಿಂದ ಪಕ್ಕದ ಮನೆಯ ಕಾಕಾ ಕೂಗಿದರು: "ಕೂಸಿಗಿ ಇರುವಿ ಗಿರುವಿ ಕಡಿದಾವೇನ್ ನೋಡಪಾ!"

"ಇಲ್ರಿ ಕಾಕಾ, ಜೋಗುಳ ಹಚ್ಚೀನ್ರಿ."

"ಮೊದಲ ಅದನ್ನ ಬಂದ್ ಮಾಡು!"

ರಾತ್ರಿಯೆಲ್ಲ ಇದೇ ಪಾಡಾಗಿ, ಮರುದಿನ ಮಧ್ಯಾಹ್ನ ಕೊನೆಗೆ ಕಂಪ್ಯೂಟರ್ ಬದಿಗಿಟ್ಟು, ಟೇಪನ್ನೇ ತೊಟ್ಟಿಲ ಪಕ್ಕದಲ್ಲಿಟ್ಟು ಕ್ಯಾಸೆಟ್ ಹಚ್ಚಿದೆ. ಹಾಡು ಮುಗಿಯಿತು, ಅಳು ಮುಗಿಯಲಿಲ್ಲ. ಶಾಂತಾಳ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ನನಗೆ ನಿಜಕ್ಕೂ ನಾಚಿಕೆಯಾಯಿತು. ಟೇಪ್ ನಿಲ್ಲಿಸಲೂ ತ್ರಾಣವಿಲ್ಲದೆ ಗೋಡೆಗೊರಗಿದೆ. ಕ್ಯಾಸೆಟ್ಟಿನ ಖಾಲಿ ಭಾಗ ತಿರುಗುತ್ತಲೇ ಇತ್ತು. ಹಾಡಿನ ಗದ್ದಲ ನಿಂತ ಮೇಲೆ ಹಳೆಯ ಬೆಲ್ಟಿನ ಸದ್ದು ಕೇಳತೊಡಗಿತು, ಕಿರ್ರ್... ಕಿರ್ರ್...

ಅಳು ಬಿಕ್ಕಾಯಿತು. ಬಿಕ್ಕು ನಿಂತಿತು. ಚಿನ್ನು ಮಲಗಿಬಿಟ್ಟಳು!

ಶಾಂತಾ ಪಿಸುಗುಟ್ಟಿದಳು: "ನಮ್ಮ ತೊಟ್ಟಲಾ ಹಿಂಗೇ ಸಪ್ಪಳ ಮಾಡ್ತಿತ್ತಲ್ರಿ! ಹಾಡಿನಾಗಿಂದೂ ಅದನ್ನ ತಗದ್ರಿ, ತೊಟ್ಟಲಾದಾಗಿಂದೂ ತಗದ್ರಿ."

ಸಂಜೆ ಹುಮನಾಬಾದಿನಿಂದ ಅತ್ತೆಯ ಫೋನು ಬಂತು. "ಅಳಿಯಾರ, ನನ್ನ ಹಾಡ ಕೇಳಿ ಮಲಗಿತೇನ್ರಿ ಕೂಸು?"

"ಹೌದ್ರಿ ಅತ್ತಿ, ಭಾಳ ಛಂದ ಮಲಗ್ಯಾಳ," ಎಂದೆ. ಶಾಂತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಈಗ ದಿನಾ ಮಧ್ಯಾಹ್ನ ಬಸವಕಲ್ಯಾಣದ ಧ್ವನಿತಜ್ಞನು ಅಂಗಡಿ ಮುಚ್ಚಿ ಮನೆಗೆ ಬಂದು, ಏನೂ ಇಲ್ಲದ ಕ್ಯಾಸೆಟ್ಟನ್ನು ಶ್ರದ್ಧೆಯಿಂದ ಹಚ್ಚುತ್ತಾನೆ. ಮುಗಿದರೆ ಮಗ್ಗಲು ತಿರುಗಿಸಿ ಹಾಕುತ್ತಾನೆ. ಕೊಂಡಿಯ ಎಣ್ಣೆ ಒಣಗುವವರೆಗೆ ಈ ನೌಕರಿ ಕಾಯಂ ಎಂದು ಶಾಂತಾ ಹೇಳಿದ್ದಾಳೆ.